ಉಳಿದ ಮೂರು ಡಿಸ್ಕು

ಮಳವಳ್ಳಿ
18 ಜೂನ್ 2025, ಬುಧವಾರ

ದೀಪಿಕಳ ಅಪ್ಪನಿಗೆ,

'ಪ್ರೀತಿಯ' ಎಂದು ಬರೆಯಲು ಹೋಗಿ ಎರಡು ಹಾಳೆ ಹರಿದೆ. ಹೇಗಿದ್ದೀರಿ? ಬಿ.ಪಿ. ಮಾತ್ರೆ ಇಲ್ಲೇ ಬಿಟ್ಟು ಓಡಿದ್ದೀರಿ, ಅಲ್ಲೆಲ್ಲಾದರೂ ಕೊಂಡು ನುಂಗಿ. ವಿಚಾರಣೆ ಮುಗಿಯುವವರೆಗೆ ನೀವು ಗಟ್ಟಿಯಾಗಿರಬೇಕು. ನಾವಿಬ್ಬರೂ ಚೆನ್ನಾಗಿದ್ದೇವೆ. ದೀಪಿಕ ಅಪ್ಪ ಎಲ್ಲಿ ಎಂದು ಕೇಳುವುದನ್ನು ಬಿಟ್ಟಿದ್ದಾಳೆ.

ಮದ್ದೂರಿನಲ್ಲಿ ನೀವು ಮ್ಯಾನೇಜರಾಗಿದ್ದ ಸ್ಕ್ಯಾನಿಂಗ್ ಸೆಂಟರಿಗೆ ಪೊಲೀಸರು ಬರುವ ಸುದ್ದಿ ಸಿಕ್ಕಿದೊಡನೆ, ಕಂಪ್ಯೂಟರ್ ಪೆಟ್ಟಿಗೆಯ ನಾಲ್ಕು ಡಿಸ್ಕುಗಳಲ್ಲಿ ಒಂದನ್ನು ಕಿತ್ತುಕೊಂಡು ಹೋದಿರಿ. ಸ್ಕ್ಯಾನುಗಳೆಲ್ಲ ಅದರಲ್ಲೇ ಇವೆ ಎಂದುಕೊಂಡಿರಿ ತಾನೆ? ಪ್ರತಿ ಚಿತ್ರವನ್ನೂ ತುಂಡು ಮಾಡಿ ನಾಲ್ಕರಲ್ಲೂ ಹಂಚಿರುತ್ತದಂತೆ. ಒಂದು ಇಲ್ಲದಿದ್ದರೂ ಉಳಿದ ಮೂರರಿಂದ ಲೆಕ್ಕ ಹಾಕಿ, ಕಳೆದದ್ದನ್ನು ಮತ್ತೆ ಪಡೆಯಬಹುದಂತೆ. ಸೈಬರ್ ವಿಭಾಗದ ತಹಸೀನ್ ಮೇಡಂ ಮೂರರದ್ದೂ ನಕಲು ತೆಗೆದು, ಯಾವ ತುಂಡಿನ ಮುಂದೆ ಯಾವುದು ಎಂದು ಜೋಡಿಸುತ್ತ ಒಂಬತ್ತು ದಿನ ಕೂತರಂತೆ. ಸೋಮವಾರ ನನ್ನನ್ನು ಮಂಡ್ಯಕ್ಕೆ ಕರೆಸಿದರು. "ಇದು ನಿಮ್ ಹೆಸರೇನಾ ನೋಡಿ. ಇವತ್ತು ಆಗಲ್ಲ ಅಂದ್ರೆ ನಾಳೆ ನೋಡಿದ್ರೂ ಆಯ್ತದೆ" ಎಂದರು.

ನೋಡಿದೆ. ಎರಡು ವರ್ಷದ ಹಿಂದೆ, ನನಗೆ ನಾಲ್ಕೂವರೆ ತಿಂಗಳಾಗಿದ್ದಾಗ, ನಿಮ್ಮ ಸೆಂಟರಿನಲ್ಲಿ ಪರದೆಯನ್ನು ಗೋಡೆಯ ಕಡೆ ತಿರುಗಿಸಿಟ್ಟು ಮಾಡಿದ ಸ್ಕ್ಯಾನು. ಹೊರಗೆ ಬಂದು ನೀವು ಅಂದಿರಿ: "ಎದೆ ಬಡ್ತ ನಿಂತೋಗೈತೆ ಕಣೆ. ಬ್ಯಾಡ ಅಂದ್ರೂ ಸ್ಕೂಟಿ ಓಡಿಸ್ದೆ, ಈಗ ಅನುಬವಿಸು." ನಿಮ್ಮವ್ವ "ಬುಡು, ಒಂದು ಎಣ್ಣೈತಲ್ಲ, ಮುಂದ್ಕಾದ್ರೂ ಗಂಡಾಗ್ಲಿ" ಅಂದಾಗಲೂ ನನಗೆ ಹೊಳೆಯಲಿಲ್ಲ. ಅವತ್ತೇ ಆಸ್ಪತ್ರೆಗೆ ಕರೆದೊಯ್ದು ತೆಗೆಸಿದಿರಿ. ಮಗುವನ್ನು ನಾನೇ ಕೊಂದೆ ಎಂದು ಎರಡು ವರ್ಷ ಗಾಡಿ ಮುಟ್ಟಲಿಲ್ಲ. ತವರಿಗೆ, ಪೂರಿಗಾಲಿಗೆ ಹೋದರೆ ನನ್ನವ್ವನ ಮುಖ ನೋಡಲಾಗುತ್ತಿರಲಿಲ್ಲ.

ಚಿತ್ರದ ಮೂಲೆಯಲ್ಲಿ ಎದೆಬಡಿತ ನಿಮಿಷಕ್ಕೆ ನೂರ ನಲವತ್ತೆಂಟು ಎಂದಿದೆ. ಕೆಳಗೊಂದು ಷರಾ, ನಿನ್ನ ಹೆಸರಿನಲ್ಲೇ ಟೈಪಾಗಿದೆ: 'ಹೆಣ್ಣು. ಮನೆಯವರಿಗೆ ತಿಳಿಸಿದೆ.' ಮನೆಯವರು ಯಾರು ರವಿಚಂದ್ರ? ನಿನಗೆ ನೀನೇ ತಿಳಿಸಿಕೊಂಡೆ, ಹೊತ್ತವಳಿಗೆ ಸುಳ್ಳು ಹೇಳಿದೆ.

ನಾನು ಅಳಲಿಲ್ಲ. ಮೇಡಂ ಕೊಟ್ಟ ನೀರು ಕುಡಿದು, ಹೇಳಿಕೆ ಬರೆಸಿ, ಪ್ರತಿ ಹಾಳೆಗೂ ಸಹಿ ಹಾಕಿದೆ. ನಿನ್ನವ್ವನಿಗೂ ಹೇಳಿದೆ, ಅವತ್ತಿನಿಂದ ಅವರು ನನ್ನೆದುರು ಬಂದಿಲ್ಲ. ಈ ಕಾಗದವನ್ನು ಕೊತ್ತತ್ತಿಗೆ ಹೋಗಿ ನಿನ್ನ ಅಕ್ಕ ಕುಸುಮಕ್ಕನ ಕೈಗೆ ಕೊಡುತ್ತೇನೆ. ನೀನಿರುವ ಜಾಗ ಗೊತ್ತಿರುವುದು ಅವರೊಬ್ಬರಿಗೇ.

ದೇವರು ನಿನಗೆ ದೀರ್ಘಾಯುಷ್ಯ ಕೊಡಲಿ, ಕಂಬಿಯ ಹಿಂದೆ ಮುದುಕನಾಗುವಷ್ಟು.

ಶ್ವೇತ

ವಿ.ಸೂ.: ಕುಸುಮಕ್ಕನ ಜಗಲಿಯಲ್ಲಿ ಕೂತು ಅವಸರದಲ್ಲಿ ಬರೆಯುತ್ತಿದ್ದೇನೆ. ಅವರು ಕಾಗದವನ್ನು ಎರಡು ಸಲ ಓದಿದರು. ಒಳಗಿಂದ ಪೆನ್ನು ತಂದು ಲಕೋಟೆಯ ಮೇಲೆ ನಿನ್ನ ವಿಳಾಸವನ್ನು ತಾವೇ ಬರೆದರು. "ಇದ ಅಂಚೆಗಾಕ್ಬ್ಯಾಡ ಕಣವ್ವ, ಪೋಲೀಸ್ನೋರ ಕೈಗೇ ಕೊಡು" ಎಂದರು. ಹಾಗೇ ಮಾಡುತ್ತೇನೆ. ನೀನು ಇದನ್ನು ಓದುವಾಗ ತಹಸೀನ್ ಮೇಡಂ ನಿನ್ನ ಎದುರಿಗೇ ನಿಂತಿರುತ್ತಾರೆ.