ಪರೀಕ್ಷಾ ಪಟ್ಟಿ ಮುಗಿದ ತಿಂಗಳಲ್ಲಿ ಇಳಿದ ಮಲೇರಿಯಾ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ಮಲೇರಿಯಾ ಇಳಿಸಿದ್ದಕ್ಕಾಗಿ ಶಿರೆ ನದಿ ದಂಡೆಯ ನಮ್ಮ ಪುಟ್ಟ ಚಿಕಿತ್ಸಾಲಯಕ್ಕೆ ತಾವು ಕಳಿಸಿದ ಪ್ರಶಂಸಾ ಪತ್ರವನ್ನು ಹಿಂದಿರುಗಿಸುತ್ತಿದ್ದೇನೆ. ನಮ್ಮಲ್ಲಿ ಇಳಿದದ್ದು ಬೆರಳು ಚುಚ್ಚಿ ರಕ್ತ ನೋಡುವ ಪರೀಕ್ಷಾ ಪಟ್ಟಿಗಳ ದಾಸ್ತಾನು ಮಾತ್ರ.

ನವೆಂಬರಿನಲ್ಲಿ ಮುನ್ನೂರ ಹನ್ನೆರಡು ಮಲೇರಿಯಾ ರೋಗಿಗಳು. ಡಿಸೆಂಬರಿನಲ್ಲಿ, ಪಟ್ಟಿ ಮುಗಿಯುತ್ತ ಬಂದಾಗ, ನೂರ ನಲವತ್ತು. ಜನವರಿಯಲ್ಲಿ ಮಳೆ ಸುರಿದು ಮೆಕ್ಕೆಜೋಳದ ಹೊಲದಲ್ಲೆಲ್ಲ ನೀರು ನಿಂತಾಗ, ಒಂಬತ್ತು! ಪರೀಕ್ಷೆಯಾಗದಿದ್ದರೆ ಬರೀ ‘ಜ್ವರ’ ಎಂದು ಬರೆಯತಕ್ಕದ್ದು ಎಂಬುದು ತಮ್ಮದೇ ಸುತ್ತೋಲೆ. ಆ ಜ್ವರದ ಪುಟಗಳು ತುಂಬಿ ತುಳುಕಿದ್ದನ್ನು ತಮ್ಮ ಕಚೇರಿಯಲ್ಲಿ ಯಾರೂ ನೋಡಲಿಲ್ಲವೇ? ಸುತ್ತೋಲೆ ಸೊಳ್ಳೆಗಳಿಗೂ ತಲುಪಿತ್ತೆಂದು ಭಾವಿಸಿದಿರೇ?

ತಮ್ಮನ್ನು ಬೈದು ನಾನು ಕೈ ತೊಳೆದುಕೊಳ್ಳಲಾರೆ. ಹದಿನಾರು ವರ್ಷಗಳಿಂದ ಗೋಡೆಯ ನಕ್ಷೆಯಲ್ಲಿ ತಿಂಗಳ ಮಲೇರಿಯಾ ಲೆಕ್ಕದ ಗೆರೆ ಎಳೆಯುವವನು ನಾನೇ. ಬೆಳಿಗ್ಗೆ ಬೆಂಚುಗಳು ತುಂಬಿದ ಮೇಲೆ, ಔಷಧಿಗೆ ಮೊದಲು, ಚಪ್ಪಾಳೆ ತಟ್ಟಿ ಹಾಡಿ ಆರೋಗ್ಯದ ನಾಲ್ಕು ಮಾತು ಹೇಳುವುದು ನಮ್ಮ ರೂಢಿ. ಫೆಬ್ರವರಿಯ ಮೊದಲ ವಾರ, ತಮ್ಮ ಆದೇಶದಂತೆ, ಆ ನಕ್ಷೆ ತೋರಿಸಿ “ನೋಡಿ, ನಮ್ಮೂರಲ್ಲಿ ಮಲೇರಿಯಾ ಹೋಯ್ತು” ಎಂದೆ. ಪಟ್ಟಿ ಮುಗಿದದ್ದು ನನಗೆ ಗೊತ್ತಿತ್ತು. ಹೇಳಲಿಲ್ಲ.

“ಹಂಗಾದ್ರೆ ಡಾಕ್ಟರೇ, ನಿಮಗಿನ್ನೇನ್ ಕೆಲ್ಸ? ಬನ್ನಿ, ನನ್ನ ಹೊಲದಲ್ಲಿ ಕಳೆ ಕೀಳಿ!” ಎಂದು ಫಲೇಸಿ ಅಜ್ಜಿ ಛೇಡಿಸಿದಳು. ನಾನು ಡಾಕ್ಟರಲ್ಲ, ಬರೀ ಸಹಾಯಕ. ಬಿಳಿ ಅಂಗಿಯವರೆಲ್ಲ ಇಲ್ಲಿ ಡಾಕ್ಟರೇ. ಎಲ್ಲರ ಜೊತೆ ನಾನೂ ನಕ್ಕೆ.

ಹತ್ತು ದಿನಕ್ಕೆ ಅದೇ ಅಜ್ಜಿ ಬಾಡಿಗೆ ಸೈಕಲ್ಲಿನ ಹಿಂದೆ ಕೂತು, ನಾಲ್ಕು ವರ್ಷದ ಮೊಮ್ಮಗಳು ಟಿಯಾಮಿಕೆಯನ್ನು ಎದೆಗವಚಿಕೊಂಡು ಬಂದಳು. ಮಗುವಿಗೆ ಸೆಳವು ಶುರುವಾಗಿತ್ತು.

“ಮೂರು ದಿನದಿಂದ ಜ್ವರ ಅಂತೀರಿ, ಇಷ್ಟು ದಿನ ಏನ್ ಮಾಡ್ತಿದ್ರಿ ಅಜ್ಜಿ?”

“ಮಲೇರಿಯಾ ಇಲ್ಲ ಅಂತ ನೀವೇ ಅಂದ್ರಲ್ಲಪ್ಪ. ಮಳೇಲಿ ಆಡಿದ್ಳು, ಶೀತಕ್ಕೆ ಬಂದಿರ್ಬೇಕು ಅನ್ಕೊಂಡೆ. ಗಂಜಿ ಕುಡ್ಸಿ ಮಲಗಿಸ್ದೆ.”

ಪರೀಕ್ಷೆಯಿಲ್ಲದೆ ಮಲೇರಿಯಾದ ಮದ್ದು ಕೊಡಬಾರದೆಂಬ ನಿಯಮ ಮುರಿದು ಸೂಜಿ ಚುಚ್ಚಿದೆ. ಸಂಜೆಯೊಳಗೆ ಮಗು ಹೋಯಿತು. ನಾನು ಔಷಧಿ ಕೋಣೆಗೆ ಹೋಗಿ ಅತ್ತೆ. ಆಮೇಲೆ ಹೊರಗೆ ಬಂದು, ದಾಖಲೆ ಪುಸ್ತಕದಲ್ಲಿ ಸಾವಿನ ಕಾರಣದ ಮುಂದೆ ‘ಜ್ವರ’ ಎಂದು ಬರೆದೆ.

ಮಗುವನ್ನು ಮಣ್ಣು ಮಾಡಿದ ಮರುದಿನ, ಚಹಾ ತೋಟಕ್ಕೆ ದುಡಿಯಲು ಹೋಗಿದ್ದ ಅದರ ತಾಯಿ ಬಂದಳು. “ನನ್ನ ಕೂಸಿಗೆ ಏನಾಗಿತ್ತಣ್ಣ?” ಎಂದಳು. ಮಲೇರಿಯಾ ಎಂದೆ.

“ಸುಳ್ಳು ಯಾಕಣ್ಣ? ಪುಸ್ತಕದಲ್ಲಿ ಜ್ವರ ಅಂತೈತೆ. ಗೋಡೆ ಮೇಲೆ ಮಲೇರಿಯಾನೇ ಇಲ್ಲ ಅಂತೈತೆ. ನಮ್ಮವ್ವನ್ನ ಉಳ್ಸೋಕೆ ಹೇಳ್ತೀಯ.”

ಅಕ್ಷರ ಬಲ್ಲ ಹೆಣ್ಣುಮಗಳು. ನಾನು ಬರೆದದ್ದನ್ನೇ ನಂಬಿದಳು. ಅವಳಿಗೆ ಏನೆಂದು ಉತ್ತರಿಸಬೇಕಿತ್ತು, ಮಾನ್ಯರೇ?

ಪರೀಕ್ಷಾ ಪಟ್ಟಿಗಳನ್ನು ಈ ವಾರವೇ ಕಳಿಸಿ. ಪಟ್ಟಿಯಿಲ್ಲದ ತಿಂಗಳುಗಳ ಮುಂದೆ ‘ತಿಳಿಯದು’ ಎಂದು ಬರೆಯಲು ಅಪ್ಪಣೆ ಕೊಡಿ. ಅದಕ್ಕೂ ಮೊದಲು, ಟಿಯಾಮಿಕೆ ಸತ್ತದ್ದು ಮಲೇರಿಯಾದಿಂದ ಎಂದು ತಮ್ಮ ಸಹಿ, ಮುದ್ರೆ ಹಾಕಿ ಒಂದು ಕಾಗದ ಕೊಡಿ. ಅದನ್ನು ಹಿಡಿದು ನಾನು ಆ ಮನೆಗೆ ಹೋಗಬೇಕಿದೆ. ಮಗುವನ್ನು ಮಳೆಗೆ ಬಿಟ್ಟು ಕೊಂದಳೆಂದು ಮಗಳು ಇಂದಿಗೂ ಆ ಅಜ್ಜಿಯ ಕೈಯಿಂದ ನೀರು ಕುಡಿಯುತ್ತಿಲ್ಲ.

ಇಂತಿ,
ತಾವು ಮೆಚ್ಚಿದ ಗೆರೆಯನ್ನು ಎಳೆದ ತಪ್ಪಿತಸ್ಥ,
ಲಾಫೋರ್ಡ್ ಚಿಕಾಫ
ಆರೋಗ್ಯ ಸಹಾಯಕ