ಉರಿ ಎಲ್ಲೆಂದು ಹೇಳಿದ ದಿನ

ವಡೋದರ, 14 ಮಾರ್ಚ್ 1983, ಸೋಮವಾರ

ಮುಟ್ಟು ನಿಂತ ಮೇಲೆ ಈ ಉರಿಮೂತ್ರ ಬಿಟ್ಟು ಬಿಟ್ಟು ಬರುತ್ತಿದೆ. ನನಗೆ ಗುಜರಾತಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಹಾಗಾಗಿ ಲೇಡಿ ಡಾಕ್ಟರಿಗೆ ಯಜಮಾನರೇ ಹೇಳುವುದು. ನಾಚಿಕೆಗೆ "ಪೇಟ್ ಮೇ ಜಲನ್" ಎನ್ನುತ್ತಾರೆ. ನನಗೆ ಹೊಟ್ಟೆಯುರಿಯ ಗುಲಾಬಿ ಔಷಧಿ ಸಿಗುತ್ತದೆ.

ಇವತ್ತೂ ಅದೇ ರಾಗ ತೆಗೆದರು. ನಾನು, "ಪೇಟ್ ನಹೀಂ, ಪೇಶಾಬ್!" ಹೊಟ್ಟೆಯಲ್ಲ, ಮೂತ್ರ ಎಂದು ಕೂಗಿಯೇಬಿಟ್ಟೆ.

ಡಾಕ್ಟರ್ ನಕ್ಕು, "ಈ ವಯಸ್ಸಿಗೆ ಬಹಳ ಹೆಂಗಸರಿಗೆ ಆಗುತ್ತದೆ. ಮೊದಲೇ ಹೇಳಬಾರದಿತ್ತೇ?" ಎಂದು ಮೂತ್ರಪರೀಕ್ಷೆಗೆ ಬರೆದರು.

ಹೊರಗೆ ಬೆಂಚಿನಲ್ಲಿ ಕೂತು ನನ್ನ ಕೂಗು ಕೇಳಿದ್ದ ಹೆಂಗಸೊಬ್ಬಳು ನನ್ನ ಸೆರಗೆಳೆದು, "ಬೆನ್, ಮನೇ ಪಣ್" ಎಂದಳು. ಅವಳಿಗೂ ಅದೇ ಅಂತೆ! ಪಕ್ಕದವಳೂ ತಲೆಯಾಡಿಸಿದಳು. ನಮ್ಮ ಯಜಮಾನರು ಆಗಲೇ ಹೆಲ್ಮೆಟ್ಟಿನಲ್ಲಿ ಮುಖ ಮುಚ್ಚಿಕೊಂಡು ಸ್ಕೂಟರ್ ಏರಿದ್ದರು. ಅದನ್ನು ನೋಡಿ ಮೂವರಿಗೂ ಎಂಥ ನಗು ಬಂತೆಂದರೆ, ಮೂವರೂ ಒಟ್ಟಿಗೇ ಕಕ್ಕಸಿನ ಬಾಗಿಲಿಗೆ ಓಡಿದೆವು. ಒಳಗೆ ಯಾರೋ ಇದ್ದರು; ಬಾಗಿಲು ಬಡಿಯುತ್ತಾ ಮತ್ತೆ ನಕ್ಕೆವು.