ಲೆಕ್ಕಕ್ಕೆ ಸೇರದ ಪೆಟ್ಟುಗಳು

ಮಾರ್ಚ್ 4, ಸೋಮವಾರ
ನಲವತ್ತು ಫೈಲು ಮುಗಿಯಿತು. ಕಣ್ಣುರಿ. ನಮ್ಮ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಹೊಸ ನಿಯಮ — ಮಿದುಳು, ಬೆನ್ನುಹುರಿ ಗಾಯಗಳ ವರದಿಗೆ ಸ್ಕ್ಯಾನ್‌ನಲ್ಲಿ ಕಂಡದ್ದು ಮಾತ್ರ ಸೇರಬೇಕಂತೆ. ‘ತಲೆಗೆ ಪೆಟ್ಟು, ವಿವರವಿಲ್ಲ’ ಎಂದು ಬರೆದದ್ದೆಲ್ಲ ಹೊರಗೆ. ಅಂಕಿ ಚೊಕ್ಕಟವಾಗುತ್ತದೆ ಎಂದರು ದೊಡ್ಡ ಡಾಕ್ಟರು. ಚೊಕ್ಕಟ, ಸರಿ...

ಮಾರ್ಚ್ 6
ಹೊರಗಿಟ್ಟ ಫೈಲುಗಳನ್ನು ಸುಮ್ಮನೆ ತಿರುವಿದೆ. ಹನ್ನೊಂದು ಜನ, ಒಂದೇ ಜಾಗ — ರೈಲ್ವೆ ಸ್ಟೇಷನ್ ಹಿಂದೆ ಕಟ್ಟುತ್ತಿರುವ ಹೊಸ ಕಟ್ಟಡ. ಎಲ್ಲರೂ ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದವರು. ಒಬ್ಬರಿಗೂ ಸ್ಕ್ಯಾನ್ ಇಲ್ಲ. ಮಾತ್ರೆ ಕೊಟ್ಟು ಅದೇ ದಿನ ಮನೆಗೆ. ಅಲ್ಲಿನ ಸೂಪರ್‌ವೈಸರ್ ನನ್ನ ಗಂಡ.

ಸಂಜೆ 7
ಇವರಿಗೆ ಹೇಳಿದೆ. ತಟ್ಟೆ ಸರಿಸಿ ಎದ್ದರು. ವರದಿ ಹೋದರೆ ತನಿಖೆ ಬರುತ್ತದೆ, ಮೊದಲು ಉರುಳುವುದು ತನ್ನ ತಲೆ. ನಿಯಮವೇ ಬೇಡವೆಂದ ಮೇಲೆ ನಿನಗ್ಯಾಕೆ ಇಲ್ಲದ ಉಸಾಬರಿ ಎಂದರು.

ಮಾರ್ಚ್ 7
ಫೈಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಟೈಲ್ಸ್ ಕೂರಿಸುವವನ ಹೆಂಡತಿ ಎತ್ತಿದಳು. ಬಿದ್ದು ಐದು ವಾರ. ಈಗ ಅಳತೆ ತಪ್ಪುತ್ತಾನಂತೆ, ಮಾತು ತಡವರಿಸುತ್ತದಂತೆ.
“ನನ್ನನ್ನ ಅಕ್ಕಾ ಅಂತ ಕರೀತಾರೆ ಮೇಡಂ. ಮೊದಲು ತಮಾಷೆ ಅನ್ಕೊಂಡೆ.”
ನಾಳೆಯೇ ಕರೆತನ್ನಿ ಎಂದೆ.

ಮಾರ್ಚ್ 8
ಟೈಲ್ಸಿನವನಿಗೆ ಸ್ಕ್ಯಾನ್ ಆಯಿತು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ. ಆಪರೇಷನ್.
ಹನ್ನೊಂದೂ ಫೈಲು ದೊಡ್ಡ ಡಾಕ್ಟರ ಮುಂದಿಟ್ಟೆ. ನಿಯಮ ನಿಯಮವೇ ಎಂದರು.
“ಸ್ಕ್ಯಾನೇ ಮಾಡದೆ ಕಾಣೋದು ಹೇಗೆ ಸರ್?”
ಅವರು ಬಹಳ ಹೊತ್ತು ಓದಿದರು. ಕೊನೆಗೆ ‘ಶಂಕಿತ’ ಎಂಬ ಕಾಲಂ ಸೇರಿಸಲು ಒಪ್ಪಿದರು. ಉಳಿದವರನ್ನೂ ವಾಪಸ್ ಕರೆಸಲು ಹೇಳಿದರು.

ಮಾರ್ಚ್ 12
ಇಲಾಖೆಗೆ ವರದಿ ಕಳಿಸಿದೆ. ಕಳಿಸಿದ್ದೇನೆಂದು ಇವರಿಗೂ ಹೇಳಿದೆ. ಚಾಪೆ ತೆಗೆದುಕೊಂಡು ಹೋಗಿ ಹಜಾರದಲ್ಲಿ ಮಲಗಿದರು.

ಮಾರ್ಚ್ 22, ಮಧ್ಯಾಹ್ನ
ತನಿಖೆಯವರು ಬಂದು ಕಟ್ಟಡದ ಕೆಲಸ ನಿಲ್ಲಿಸಿದರಂತೆ. ಇವರು ಬೇಗ ಬಂದರು. ಬೈಯುತ್ತಾರೆಂದು ಕಾದೆ. ಶೂ ಬಿಚ್ಚದೆ ಕುರ್ಚಿಯಲ್ಲಿ ಕೂತರು. ಎಷ್ಟು ಜನರನ್ನು ಬರೆದೆ ಎಂದು ಕೇಳಿದರು. ಹನ್ನೊಂದು ಎಂದೆ.
“ಹನ್ನೆರಡು,” ಅಂದರು. “ಫೆಬ್ರವರೀಲಿ ನಾನೂ ಬಿದ್ದೆ. ಆಸ್ಪತ್ರೆಗೆ ಬಂದ್ರೆ ನಿನ್ನ ಕೈಗೇ ಬರುತ್ತಲ್ಲ ಫೈಲು, ಅದಕ್ಕೆ ಬರಲಿಲ್ಲ.”
ಟ್ಯಾಕ್ಸಿಗೆ ಹೇಳಿದ್ದೇನೆ. ಬರುವವರೆಗೆ ಕೈ ಸುಮ್ಮನಿರಲಾರದೆ ಇದನ್ನು ಬರೆಯುತ್ತಿದ್ದೇನೆ. ಇವರಿಗೆ ಬಲಗೈಯಲ್ಲಿ ಶೂ ಲೇಸ್ ಬಿಚ್ಚಲು ಆಗುತ್ತಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ ನೆನಪಿಲ್ಲ ಅನ್ನುತ್ತಾರೆ. ಟ್ಯಾಕ್ಸಿ ಬಂತು.